ಇಪ್ಪತ್ತರ ಪಕ್ಕದ ಮಸುಕು ಗೀಟು

ಆಲೆಮನೆ ಇಟ್ಟಿರುವ ಮಂಡ್ಯದ ಗೆಳೆಯ ಮೊನ್ನೆ ಫೋನ್ ಮಾಡಿದ. 'ನಮ್ ಬೆಲ್ದಲ್ಲಿ ಎರಡ್ ಸಾವ್ರ ಕೆಮಿಕಲ್ ಐತಂತೆ ಕಣಣ್ಣ!' ಯಾರೋ ಲ್ಯಾಬ್ ರಿಪೋರ್ಟಿನ ಫೋಟೊ ವಾಟ್ಸಾಪ್‌ನಲ್ಲಿ ಹರಿಬಿಟ್ಟಿದ್ದರು. ನೋಡಿದೆ. ಅದು ಕೆಮಿಕಲ್ ಲೆಕ್ಕ ಅಲ್ಲ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಪೀಕ್ ಲೆಕ್ಕ; ಪೀಕ್ ಅಂದರೆ ಅದರ ಗ್ರಾಫಿನಲ್ಲಿ ಏಳುವ ಒಂದೊಂದು ಮೊನೆ. ಸಕ್ಕರೆಯ ಒಂದೇ ಅಣು ಸೋಡಿಯಂ ಅಂಟಿಸಿಕೊಂಡರೆ ತೂಕದ ಅಂಕಿ 365ರಲ್ಲಿ, ಪೊಟ್ಯಾಸಿಯಂ ಅಂಟಿಸಿಕೊಂಡರೆ 381ರಲ್ಲಿ ಕಾಣುತ್ತದೆ. ಉಳಿದದ್ದರಲ್ಲಿ ಎಷ್ಟು ಬರೀ ನಾಯ್ಸೋ, ಅಂದರೆ ಯಂತ್ರದ ಗೊಣಗಾಟವೋ!

ಯಾವುದು ಪೀಕ್ ಅಂತ ತೀರ್ಮಾನಿಸೋದು ಸಾಫ್ಟ್‌ವೇರ್, ಅದಕ್ಕೆ ಹೇಳಿಕೊಡೋದು ನಾವು. ಗೆಳೆಯನಿಗೆ ಅವನ ಕೊಪ್ಪರಿಗೆಯನ್ನೇ ತೋರಿಸಿದೆ: ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ತೆಗೀತೀಯಲ್ಲ, ಮೇಲೆ ಮೇಲೆ ತೆಗೆದರೆ ಕೊಳೆ ಉಳಿಯುತ್ತೆ, ಆಳಕ್ಕೆ ಇಳಿಸಿದರೆ ಹಾಲೂ ಹೋಗುತ್ತೆ. ಥ್ರೆಶೋಲ್ಡ್ ಅಂದರೆ ಅದೇ, ಇಷ್ಟು ಎತ್ತರ ಇದ್ದರೆ ಮಾತ್ರ ಪೀಕ್ ಅನ್ನೋ ಗಡಿ. ಆದರೆ ಎತ್ತರ ಒಂದೇ ಸಾಲದು. ದೇವರಾಜ ಮಾರ್ಕೆಟ್ ಗದ್ದಲದಲ್ಲಿ ಆಟೋ ಹಾರ್ನ್ ಕಿವಿ ಒಡೆಯುವಂತೆ ಕೇಳಿ ತಕ್ಷಣ ನಿಲ್ಲುತ್ತೆ; ಯಾರಾದರೂ ನಿಮ್ಮ ಹೆಸರು ಕೂಗಿದರೆ ಸದ್ದು ಸಣ್ಣದಾದರೂ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯುತ್ತೆ. ನಿಜವಾದ ಪೀಕ್ ಕೂಗಿನ ಥರ. ಅದಕ್ಕೇ ಕನಿಷ್ಠ ಅಗಲ, ಅಂದರೆ ಪೀಕ್ ಎಷ್ಟು ಹೊತ್ತು ನಿಲ್ಲಬೇಕು ಅನ್ನೋ ಸೆಟಿಂಗ್ ಇದೆ. ನಿಮ್ಮ ಪೀಕ್ ಆರು ಸೆಕೆಂಡಿನದಾಗಿದ್ದು ಅಲ್ಲಿ ಹತ್ತು ಅಂತ ಕೊಟ್ಟರೆ, ಕೂಗಿದವರೂ ಮಾಯ.

ಒಮ್ಮೆ ಕಾಫಿ ಡಿಕಾಕ್ಷನ್ನನ್ನು ತುಂಬಾ ತೆಳು ಮಾಡಿ ಯಂತ್ರದಲ್ಲಿ ಓಡಿಸಿದ್ದೆ. ಕೆಫೀನ್ 195.0877ರಲ್ಲಿ, ನಾಯ್ಸಿನ ಅರವತ್ತು ಪಟ್ಟು ಎತ್ತರ. ಪಕ್ಕದಲ್ಲಿ 196.09ರಲ್ಲಿ ಅದರ ಹತ್ತರಲ್ಲೊಂದು ಪಾಲಿನ ಕುಳ್ಳ. ಕಾರ್ಬನ್‌ನಲ್ಲಿ ಶೇ. 1.1ರಷ್ಟು, ಒಂದು ಅಂಕಿ ಭಾರವಾದ ಕಾರ್ಬನ್-13 ಇರುತ್ತೆ, ಕೆಫೀನ್‌ನಲ್ಲಿ ಎಂಟು ಕಾರ್ಬನ್, ಹಾಗಾಗಿ ಈ ಜೊತೆಗಾರ ಇರಲೇಬೇಕು. ನಾಯ್ಸಿಗೆ ಇಂಥ ಜೊತೆಗಾರ ಎಲ್ಲಿಂದ ಬರಬೇಕು? ಥ್ರೆಶೋಲ್ಡನ್ನು ನಾಯ್ಸಿನ ಮೂರು ಪಟ್ಟಿನಿಂದ ಹತ್ತು ಪಟ್ಟಿಗೆ ಏರಿಸಿದೆ. ಪಟ್ಟಿ ಚೊಕ್ಕಟವಾಯ್ತು, ಖುಷಿಯಾಯ್ತು, ಆಮೇಲೆ ನೋಡಿದರೆ ಕುಳ್ಳ ಇಲ್ಲ! ಇದು ಕೆಫೀನೇ ಅಂತ ಸಾಕ್ಷಿ ಹೇಳಬೇಕಿದ್ದವನನ್ನೇ ಓಡಿಸಿದ್ದೆ.

ಸುಮ್ನೆ ಹೇಳ್ತಿಲ್ಲ, ವಿಕಿರಣ ಸೂಸದ ಧಾತುಗಳಲ್ಲಿ ಐಸೋಟೋಪಿನ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಬಗೆಗಳ, ಕಥೆಯೇ ಇಂಥ ಕುಳ್ಳನಿಂದ ಶುರುವಾದದ್ದು. 1912ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲ ಹಾಯಿಸಿದಾಗ ಫೋಟೊ ತಟ್ಟೆಯ ಮೇಲೆ 20ರ ಗೀಟಿನ ಪಕ್ಕ 22ರಲ್ಲಿ ಇನ್ನೊಂದು ಮಸುಕು ಗೀಟು. ಕೊಳೆ ಅಂತ ಒರೆಸಿಬಿಡಬಹುದಿತ್ತು, ಅಲ್ವಾ? ಒರೆಸಲಿಲ್ಲ. ಅವರ ಸಹಾಯಕ ಆಸ್ಟನ್ ಅದರ ಬೆನ್ನು ಬಿದ್ದು, 1919ರಲ್ಲಿ ಇನ್ನೂ ಚುರುಕಾದ ಯಂತ್ರ ಕಟ್ಟಿ, ನಿಯಾನ್‌ನಲ್ಲೇ ಎರಡು ಬಗೆ ಅಂತ ತೋರಿಸಿ 1922ರಲ್ಲಿ ನೊಬೆಲ್ ಪಡೆದರು.

ಗೆಳೆಯನಿಗೆ ಕೊನೆಗೆ ಹೇಳಿದೆ: ರಿಪೋರ್ಟ್ ಕಳಿಸಿದವರನ್ನು ಕೇಳು, ಬೆಲ್ಲ ಹಾಕದೆ ಬರೀ ದ್ರಾವಕವನ್ನು ಅದೇ ಸೆಟಿಂಗ್‌ನಲ್ಲಿ ಓಡಿಸಿದ್ರಾ, ಆಗ ಎಷ್ಟು ಪೀಕ್ ಬಂತು ಅಂತ. ಅಷ್ಟು ಬೆಲ್ಲದವಲ್ಲ. ಕೇಳಿದ್ದಾನೆ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.