ಊರಿನ ಹೆಸರು ಹೊತ್ತ ಬೋವಾ ಹಾವುಗಳು: ಕಾಸರಗೋಡಿನ ಸಹಪಾಠಿಗಳಿಗೆ ಒಂದು ಟಿಪ್ಪಣಿ

ಬೋವಾ ಅಂದ ಕೂಡಲೇ ನಮ್ಮ ಕಡೆಯವರಿಗೆ ಹೆಬ್ಬಾವು ನೆನಪಾಗುತ್ತದೆ. ಅದು ಸಹಜ. ಎರಡಕ್ಕೂ ವಿಷವಿಲ್ಲ, ಎರಡೂ ಬೇಟೆಯನ್ನು ಸುತ್ತಿ ಹಿಚುಕಿ ಕೊಲ್ಲುತ್ತವೆ. ಆದರೆ ಹೆಬ್ಬಾವು ಮೊಟ್ಟೆ ಇಡುವ ಹಾವು. 2022ರಲ್ಲಿ ಕಾಸರಗೋಡಿನಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸವನ್ನು ಒಂದು ಕಡೆ 54 ದಿನ ನಿಲ್ಲಿಸಿದ್ದು ನಿಮಗೂ ಗೊತ್ತಿರಬಹುದು. ಅಲ್ಲಿ ಮಾಟೆಯೊಳಗೆ ಹೆಬ್ಬಾವೊಂದು 24 ಮೊಟ್ಟೆಗಳಿಗೆ ಕಾವು ಕೂತಿತ್ತು. ಬೋವಾ ಕನ್‌ಸ್ಟ್ರಿಕ್ಟರ್ ಹಾಗಲ್ಲ, ನೇರವಾಗಿ ಮರಿ ಹಾಕುತ್ತದೆ. ತುಟಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಹೆಬ್ಬಾವಿನ ಮೇಲ್ದುಟಿಯ ಮುಂಭಾಗದಲ್ಲಿ ಶಾಖ ಗ್ರಹಿಸುವ ಸಣ್ಣ ಗುಳಿಗಳು ಎದ್ದು ಕಾಣುತ್ತವೆ. ಬೋವಾದ ತುಟಿಗೂ ಶಾಖ ತಿಳಿಯುತ್ತದೆ, ಆದರೆ ಹೊರಗೆ ಗುಳಿ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋವಾ ಉಸಿರುಗಟ್ಟಿಸಿ ಕೊಲ್ಲುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. 2015ರಲ್ಲಿ ಇಲಿಗಳ ರಕ್ತದೊತ್ತಡ ಅಳೆದು ನೋಡಿದಾಗ, ಹಿಡಿತ ಬಿಗಿಯಾದ ಕೆಲವೇ ಸೆಕೆಂಡುಗಳಲ್ಲಿ ರಕ್ತ ಸಂಚಾರವೇ ಕುಸಿಯುವುದು ಕಂಡುಬಂತು. ಪರೀಕ್ಷೆಯಲ್ಲಿ ಹಳೆಯ ಉತ್ತರ ಬರೆಯಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೋವಾ ಕನ್‌ಸ್ಟ್ರಿಕ್ಟರ್ ಅಂತ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, 1758ರಲ್ಲಿ. ತುಂಬಾ ಕಾಲ ಮೆಕ್ಸಿಕೋದಿಂದ ಅರ್ಜೆಂಟೀನಾವರೆಗಿನ ಎಲ್ಲವನ್ನೂ ಈ ಒಂದೇ ಪ್ರಭೇದದಲ್ಲಿ ಸೇರಿಸಿದ್ದರು. 2016ರ ಒಂದು ವಂಶವಾಹಿ ಅಧ್ಯಯನ ಇದನ್ನು ಮೂರು ಮಾಡಿತು. ದಕ್ಷಿಣ ಅಮೆರಿಕದ ಹೆಚ್ಚಿನವು ಬೋವಾ ಕನ್‌ಸ್ಟ್ರಿಕ್ಟರ್. ಮಧ್ಯ ಅಮೆರಿಕ ಮತ್ತು ಅದಕ್ಕೆ ತಾಗಿದ ವಾಯವ್ಯ ಕೊಲಂಬಿಯಾದ ಕಡೆಯವು ಬೋವಾ ಇಂಪರೇಟರ್. ಮೆಕ್ಸಿಕೋದ ಪೆಸಿಫಿಕ್ ಬದಿಯವು ಬೋವಾ ಸಿಗ್ಮಾ. ಕೆರಿಬಿಯನ್ನಿನ ಡೊಮಿನಿಕಾ ಮತ್ತು ಸೇಂಟ್ ಲೂಸಿಯಾ ದ್ವೀಪಗಳ ಬೋವಾಗಳನ್ನೂ ಹಲವರು ಬೇರೆ ಪ್ರಭೇದಗಳೆಂದೇ ಎಣಿಸುತ್ತಾರೆ.

ಲೊಕ್ಯಾಲಿಟಿ ಬೋವಾ ಅನ್ನುವುದು ಪ್ರಭೇದಕ್ಕಿಂತ ಕೆಳಗಿನ ಮಾತು. ಇಂಥ ದ್ವೀಪದ್ದು, ಇಂಥ ಕಣಿವೆಯದ್ದು ಅಂತ ಮೂಲ ಗೊತ್ತಿರುವ ಹಾವು ಮತ್ತು ಅದರ ಸಂತತಿ. ಸುರಿನಾಮ್, ಪೆರುವಿನ ಟುಂಬೆಸ್, ಪನಾಮದ ಸಬೋಗಾ, ಬೆಲೀಜ್‌ನ ಕ್ರಾಲ್ ಕೇ, ನಿಕರಾಗುವಾದ ಕಾರ್ನ್ ದ್ವೀಪ, ಹೀಗೆ ಪಟ್ಟಿ ಉದ್ದ. ನಮ್ಮ ಕಾಸರಗೋಡು ಗಿಡ್ಡ ದನವನ್ನು ನೆನೆಸಿಕೊಳ್ಳಿ. ಅದರ ಗಾತ್ರ, ಅದರ ತಾಳಿಕೆ ಎಲ್ಲ ಈ ನೆಲಕ್ಕೆ ಹೊಂದಿ ಬಂದದ್ದು. ಬೇರೆ ತಳಿಯ ಜತೆ ಒಮ್ಮೆ ಬೆರೆತರೆ, ಕರು ನೋಡಲು ಗಿಡ್ಡದ ಹಾಗೇ ಇದ್ದರೂ ಅದು ಗಿಡ್ಡ ಅಲ್ಲ. ಬೋವಾದಲ್ಲೂ ಅಷ್ಟೇ. ಬಣ್ಣ ನೋಡಿ ಊರು ಹೇಳಲು ಬರುವುದಿಲ್ಲ. ಹಾವಿನ ಊರನ್ನು ಹೇಳುವುದು ದಾಖಲೆ ಮಾತ್ರ.

ಕಾಯೋಸ್ ಕೊಚಿನೋಸ್‌ನ ಕಥೆ

ಇದೊಂದನ್ನು ಚೆನ್ನಾಗಿ ಓದಿಕೊಂಡರೆ ಉಳಿದದ್ದು ಸುಲಭವಾಗುತ್ತದೆ. ಹೊಂಡುರಾಸ್‌ನ ಉತ್ತರ ಕರಾವಳಿಯಾಚೆ, ಕೆರಿಬಿಯನ್ ಸಮುದ್ರದಲ್ಲಿ ಎರಡು ಪುಟ್ಟ ದ್ವೀಪಗಳು ಮತ್ತು ಒಂದಷ್ಟು ಮರಳುದಿಬ್ಬಗಳಿವೆ. ಸಾಕಣೆಯವರು ಅಲ್ಲಿನ ಬೋವಾವನ್ನು ಹಾಗ್ ಐಲ್ಯಾಂಡ್ ಬೋವಾ ಅನ್ನುತ್ತಾರೆ. ಇದು ಬೋವಾ ಇಂಪರೇಟರ್ ಪ್ರಭೇದದ್ದೇ. ಆದರೆ ಮುಖ್ಯ ನೆಲದ ಹೆಣ್ಣು ಎರಡು ಮೀಟರ್ ದಾಟುವುದು ಸಾಮಾನ್ಯವಾದರೆ, ಇದು ಅದಕ್ಕಿಂತ ಬಹಳ ಚಿಕ್ಕದು. ಮೈ ತೆಳು ಕಂದು. ಬೆನ್ನಿನ ಪಟ್ಟೆಗಳು ಮಾಸಿದ ಹಾಗೆ, ಬಾಲದ ಕಡೆ ಹೋದಂತೆ ಕಿತ್ತಳೆ ಛಾಯೆ. ಹಗಲು ಸ್ವಲ್ಪ ಕಪ್ಪಿಟ್ಟಂತೆ ಕಂಡ ಹಾವು ರಾತ್ರಿ ತಿಳಿಯಾಗುತ್ತದೆ.

ಈ ಚೆಲುವೇ ಅದಕ್ಕೆ ಕುತ್ತಾಯಿತು. 1970ರ ದಶಕದ ಕೊನೆಯಿಂದ 90ರ ದಶಕದ ಆರಂಭದವರೆಗೆ ಸಾವಿರಾರು ಹಾವುಗಳನ್ನು ಹಿಡಿದು ಸಾಕುಪ್ರಾಣಿ ಮಾರುಕಟ್ಟೆಗೆ ಸಾಗಿಸಿದರು. ದ್ವೀಪ ಇರುವುದೇ ಅಷ್ಟು ಸಣ್ಣದು. ಪಕ್ಕದ ಕಾಡಿನಿಂದ ಹೊಸ ಹಾವು ಬಂದು ಜಾಗ ತುಂಬಲು ಅಲ್ಲಿ ಪಕ್ಕದ ಕಾಡೇ ಇಲ್ಲ. 1993ರಲ್ಲಿ ಆ ದ್ವೀಪಗಳಿಗೆ ರಕ್ಷಣೆ ಸಿಕ್ಕಿತು. ಆಮೇಲೆ ಸಂಶೋಧಕರು ಅಲ್ಲಿ ಹಾವುಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು ಎಣಿಸಿದರು. 2007ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಸಂಖ್ಯೆ ಚೇತರಿಸಿಕೊಂಡಿತ್ತು, ಆದರೆ ಕಳ್ಳಬೇಟೆಯ ಭಯ ಹೋಗಿರಲಿಲ್ಲ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಒಂದೇ. ದ್ವೀಪದಲ್ಲಿ ಹಾವು ಮತ್ತೆ ಹೆಚ್ಚಿದ್ದು ಹಿಡಿಯುವುದು ಕಡಿಮೆಯಾದ್ದರಿಂದ. ಅಮೆರಿಕದ, ಯುರೋಪಿನ ಸಾಕಣೆ ಪೆಟ್ಟಿಗೆಗಳಲ್ಲಿ ಹುಟ್ಟಿದ ಮರಿಗಳಿಂದ ಅಲ್ಲ.

ದ್ವೀಪದ ಹಾವು ಯಾಕೆ ಚಿಕ್ಕದು? ಬರೀ ಆಹಾರ ಕಡಿಮೆ ಅಂತಲಾ? ಬೆಲೀಜ್‌ನ ದ್ವೀಪಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ್ದಾರೆ. ಅಲ್ಲಿನ ಬೋವಾಗಳಿಗೆ ವಲಸೆ ಹಕ್ಕಿಗಳೇ ದೊಡ್ಡ ಊಟ. ದ್ವೀಪದ ತಾಯಿಯ ಮರಿಗಳನ್ನೂ ಮುಖ್ಯ ನೆಲದ ತಾಯಿಯ ಮರಿಗಳನ್ನೂ ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿದರು. ಆಗಲೂ ದ್ವೀಪದವು ಚಿಕ್ಕದಾಗಿಯೇ ಉಳಿದವು. ಅಂದರೆ ಗಾತ್ರ ಸ್ವಲ್ಪ ಮಟ್ಟಿಗಾದರೂ ರಕ್ತದಲ್ಲೇ ಬಂದದ್ದು.

ಪೆಟ್ಟಿಗೆಯೊಳಗಿನ ಬೋವಾ

ಸಾಕಣೆಯಲ್ಲಿ ಎರಡು ದಾರಿಗಳಿವೆ. ಒಂದು, ಬಣ್ಣಕ್ಕಾಗಿ ತಳಿ ಮಾಡುವುದು. ಆಲ್ಬಿನೋ, ಮೋಟ್ಲಿ, ಸಾಲ್ಮನ್ ಇವೆಲ್ಲ ಆ ಕಡೆಯವು. ಇನ್ನೊಂದು, ಊರಿನ ರಕ್ತವನ್ನು ಬೆರಸದೆ ಉಳಿಸುವುದು. ಮೊದಲನೆಯದಕ್ಕೆ ಕೊಳ್ಳುವವರು ಜಾಸ್ತಿ. ಹಾಗ್ ಐಲ್ಯಾಂಡ್ ಬೋವಾಗಳಿಗೆ ಸುಲಭವಾಗಿ ಸಿಗುವ ಕೊಲಂಬಿಯಾದ ಬೋವಾಗಳನ್ನು ಜೋಡಿ ಮಾಡಿದವರಿದ್ದಾರೆ. ಹುಟ್ಟಿದ ಮರಿ ತಿಳಿ ಬಣ್ಣದ್ದೇ. ಎರಡು ಕೈ ದಾಟಿ, ಚೀಟಿ ಕಳೆದುಹೋದ ಮೇಲೆ ಅದನ್ನು ಶುದ್ಧ ರಕ್ತದ್ದು ಅಂದರೂ ತಡೆಯುವವರಿಲ್ಲ. ಆದ್ದರಿಂದ ನಿಜವಾದ ಲೊಕ್ಯಾಲಿಟಿ ಸಾಕಣೆಗಾರರು ಹಿಡಿದ ಜಾಗ, ಆಮದಾದ ವರ್ಷ, ತಂದೆ, ತಾಯಿ, ಮರಿಯಾದ ದಿನ ಇಷ್ಟನ್ನೂ ಹಾವಿನ ಜತೆಗೇ ಕೊಡುತ್ತಾರೆ. ಮೂಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯುತ್ತಾರೆ. ಈ ಶಿಸ್ತಿಗೆ ನನ್ನ ಗೌರವವಿದೆ.

ತಂದೆ ಅನ್ನುವ ಕಾಲಂ ಯಾವಾಗಲೂ ತುಂಬುತ್ತದೆ ಅಂತಲೂ ಅಲ್ಲ. ಒಂದು ಹೆಣ್ಣು ಬೋವಾ ಗಂಡಿನ ಪಾಲಿಲ್ಲದೆ ಎರಡು ಸೂಲಿನಲ್ಲಿ 22 ಮರಿ ಹಾಕಿದ್ದು 2011ರಲ್ಲಿ ವರದಿಯಾಯಿತು. ಎಲ್ಲವೂ ಹೆಣ್ಣು, ಎಲ್ಲಕ್ಕೂ ತಾಯಿಯ ಅಪರೂಪದ ಬಣ್ಣ. ಆ ತಾಯಿಯ ಜತೆ ಗಂಡು ಹಾವುಗಳೂ ಇದ್ದವು ಅನ್ನುವುದೇ ಅಚ್ಚರಿ.

ಹಾಗಾದರೆ ಸಾಕಿದ ಹಾವನ್ನು ಅದರ ಊರಿಗೇ ಬಿಟ್ಟರಾಯಿತಲ್ವಾ ಅಂತ ಕೇಳಬಹುದು. ಸುಮ್ನೆ ಬಿಡಲು ಆಗುವುದಿಲ್ಲ. ಸಾಕಿದ ಬೋವಾಗಳಲ್ಲಿ ಇನ್‌ಕ್ಲೂಷನ್ ಬಾಡಿ ಡಿಸೀಸ್ ಅನ್ನುವ ಕಾಯಿಲೆ ಇದೆ. ಇದರ ಹಿಂದೆ ಅರೀನಾವೈರಸ್ ಇರುವುದು 2012ರಲ್ಲಿ ಗೊತ್ತಾಯಿತು. ಹೊರಗೆ ಏನೂ ಕಾಣದೆ ತಿಂಗಳುಗಟ್ಟಲೆ ಸೋಂಕು ಹೊತ್ತಿರುವ ಹಾವುಗಳೂ ಇರುತ್ತವೆ. ಅಂಥದ್ದು ಒಂದು ದ್ವೀಪ ಸೇರಿದರೆ ಅಲ್ಲಿ ಉಳಿದಿದ್ದಕ್ಕೂ ಅಪಾಯ. ಇನ್ನು ತನ್ನದಲ್ಲದ ಊರಿಗೆ ಬೋವಾ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಅರುಬಾ, ಕೊಸುಮೆಲ್, ಪೋರ್ಟೊ ರಿಕೊ ಉದಾಹರಣೆಗಳಿವೆ. ಮೂರೂ ಕಡೆ ಜನರಿಂದ ಬಂದ ಬೋವಾ ಕಾಡಿನಲ್ಲಿ ಬೇರು ಬಿಟ್ಟು, ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನುತ್ತಿದೆ.

ಕಾನೂನು ಚಿಕ್ಕದಾಗಿ: ಬೋವಾಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಅರ್ಜೆಂಟೀನಾ, ಪರಾಗ್ವೆ ಕಡೆಯ ಆಕ್ಸಿಡೆಂಟಾಲಿಸ್ ಅನ್ನುವ ಉಪಪ್ರಭೇದ ಮಾತ್ರ ಮೊದಲನೆಯದರಲ್ಲಿ, ಅಂದರೆ ಅತಿ ಬಿಗಿಯಾದದ್ದರಲ್ಲಿ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ, ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ನಮ್ಮ ಕರಾವಳಿಯ ಬೋವಾ

ಇಷ್ಟೆಲ್ಲ ದೂರದ ಕಥೆ ಓದುವಾಗ ನಮ್ಮ ಕಾಲ ಕೆಳಗಿನ ಮಣ್ಣನ್ನು ಮರೆಯಬಾರದು. ಬೋವಾ ಕುಟುಂಬಕ್ಕೆ ಹತ್ತಿರದ ಮಣ್ಣುಹಾವುಗಳು ಭಾರತದಲ್ಲಿ ಮೂರು ಬಗೆ. ಎರಡು ತಲೆ ಹಾವು ಅಂತ ಕರೆಯುವುದು ಒಂದು. ಒರಟು ಹುರುಪೆಯದ್ದು ಇನ್ನೊಂದು. ಮೂರನೆಯದಕ್ಕೆ 1991ರಲ್ಲಿ ಇಂದ್ರನೀಲ್ ದಾಸ್ ಅವರು ಹಾವು ತಜ್ಞ ರೊಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಈ ವಿಟೇಕರ್ ಮಣ್ಣುಹಾವು ಪಶ್ಚಿಮ ಕರಾವಳಿಯ ಕಡೆಯದ್ದು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಾಲ ಎರಡು ತಲೆ ಹಾವಿನಷ್ಟು ಮೊಂಡಲ್ಲ, ಒರಟು ಹುರುಪೆಯದ್ದರಷ್ಟು ಚೂಪೂ ಅಲ್ಲ. ಎರಡು ತಲೆ ಹಾವು ಮನೆಗೆ ಹಣ ತರುತ್ತದೆ ಅನ್ನುವ ಸುಳ್ಳು ನಂಬಿಕೆಯಿಂದ ನಡೆಯುವ ಕಳ್ಳಸಾಗಣೆ ನಮಗೆಲ್ಲ ಗೊತ್ತಿರುವುದೇ.

ತೋಟದ ಬುಡ ಬಿಡಿಸುವಾಗಲೋ ಮುರಕಲ್ಲಿನ ಕಟ್ಟೆಯ ಹತ್ತಿರವೋ ಇಂಥ ಹಾವು ಕಂಡರೆ ಮುಟ್ಟಬೇಡಿ. ಮೇಲಿನಿಂದ ಒಂದು, ಬಾಲದ್ದು ಒಂದು ಫೋಟೋ ಸಾಕು. ದಿನ, ಹೊತ್ತು, ಗ್ರಾಮ, ಮಣ್ಣಿನ ಬಗೆ ಬರೆದಿಡಿ. ಹಾವನ್ನು ಅಲ್ಲಿಂದ ತೆಗೆಯಲೇಬೇಕಾದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್‌ನಲ್ಲಿ ಹತ್ತಿರದ ತರಬೇತಾದವರ ನಂಬರ್ ಸಿಗುತ್ತದೆ. ಫೋಟೋವನ್ನು ಗುಂಪುಗಳಿಗೆ ಹಾಕುವುದಾದರೆ ತಾಲೂಕಿನ ಹೆಸರಿನವರೆಗೆ ಮಾತ್ರ ಹೇಳಿ. ಸರಿಯಾದ ಜಾಗ ನಿಮ್ಮ ನೋಟ್‌ಬುಕ್ಕಿನಲ್ಲೂ ನಿಮ್ಮ ಮೇಷ್ಟ್ರ ಹತ್ತಿರವೂ ಇರಲಿ.