ಗ್ರೌಂಡ್ ಪ್ಲೇನ್: ಇಡಿಯಾಗಿ ಬಿಡಬೇಕಾ, ಸೀಳಬೇಕಾ?

ಫೆಬ್ರವರಿ ಬಂತೆಂದರೆ ಕೊಡಗಿನ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಸದ್ದು ಶುರುವಾಗುತ್ತದೆ. ಹೂಮಳೆಯನ್ನೇ ನಂಬಿ ಕೂರಲಾಗದೆ ಕೆರೆಯ ನೀರು ಹಾಯಿಸುವ ಕಾಲ ಅದು. ಮಣ್ಣಿನ ತೇವ ನೋಡಿ ಪಂಪ್ ಆನ್ ಮಾಡುವ ಚಿಕ್ಕ ಬೋರ್ಡ್‌ಗಳನ್ನು ಈಗ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ ಹುಡುಗಿಯರು ಮನೆಯಲ್ಲೇ ಕೂತು ಡಿಸೈನ್ ಮಾಡಬಹುದು. ಅಂಥ ಬೋರ್ಡ್ ಮೇಲೆ ಏನೇನಿರುತ್ತದೆ? ಒಂದು ಕಡೆ ತೇವದ ಸೆನ್ಸರ್, ಅದರ ಪಕ್ಕ ಸೆನ್ಸರ್‌ನ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಡಿಸಿ. ನಡುವೆ ಮೈಕ್ರೊಕಂಟ್ರೋಲರ್ ಮತ್ತು ದೂರಕ್ಕೆ ಡೇಟಾ ಕಳಿಸುವ ಲೋರಾ ರೇಡಿಯೊ. ಮೂಲೆಯಲ್ಲಿ ಪಂಪ್ ಸ್ಟಾರ್ಟರ್‌ಗೆ ಹೋಗುವ ರಿಲೇ. ಸೆನ್ಸರ್‌ನ ಅನಲಾಗ್ ಸಿಗ್ನಲ್‌ನದು ಮೆಲುದನಿ, ಉಳಿದವುಗಳದ್ದು ಗಲಾಟೆ. ಆಗ ಏಳುವ ಮೊದಲ ಪ್ರಶ್ನೆ ಇದು: "ಅಣ್ಣಾ, ಅನಲಾಗ್ ಗ್ರೌಂಡು, ಡಿಜಿಟಲ್ ಗ್ರೌಂಡು ಬೇರೆ ಬೇರೆ ಮಾಡ್ಬೇಕಲ್ವಾ?"

ಇಂಥ ಬೋರ್ಡ್‌ಗೆ ಬೇಡ. ಗ್ರೌಂಡ್ ಒಂದೇ ಇರಲಿ, ಬಿಡಿಭಾಗಗಳಿಗೆ ಮಾತ್ರ ಜಾಗ ಹಂಚಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಒಳಗೆ ಇಳಿಯಬೇಕು.

ಬೋರ್ಡ್‌ನ ಒಂದು ಲೇಯರನ್ನು ಪೂರ್ತಿಯಾಗಿ ತಾಮ್ರದ ಹಾಳೆಯಾಗಿ ಬಿಟ್ಟು, ಅದನ್ನು ಸರ್ಕ್ಯೂಟಿನ ಸೊನ್ನೆ ವೋಲ್ಟ್ ಅಂತ ಇಟ್ಟುಕೊಂಡರೆ ಅದೇ ಗ್ರೌಂಡ್ ಪ್ಲೇನ್. ನಾಲ್ಕು ಲೇಯರ್ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಎರಡನೇ ಲೇಯರ್ ಇದಕ್ಕೆ ಮೀಸಲು. ತಾಮ್ರದ ದಪ್ಪ ಸುಮಾರು 35 ಮೈಕ್ರಾನ್. 1.6 ಮಿ.ಮೀ. ದಪ್ಪದ ಬೋರ್ಡ್‌ನಲ್ಲಿ ಮೇಲಿನ ಟ್ರೇಸ್‌ಗೂ (ಸಿಗ್ನಲ್ ಒಯ್ಯುವ ತಾಮ್ರದ ಗೆರೆ) ಈ ಹಾಳೆಗೂ ನಡುವಿನ ಅಂತರ ಹೆಚ್ಚೂಕಡಿಮೆ 0.2 ಮಿ.ಮೀ. ಈ 0.2 ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗ್ರೌಂಡ್‌ಗೆ ಬಿಟ್ಟ ಕರೆಂಟ್ ಅಲ್ಲೇ ಕರಗಿ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೆ ವಾಪಸ್ ಬರಲೇಬೇಕು. ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದೇ ಇಡೀ ವಿಷಯ. ಡಿಸಿ ಕರೆಂಟ್ ರೆಸಿಸ್ಟೆನ್ಸ್ ಕಮ್ಮಿ ಇರುವ ಕಡೆ ಹರಿಯುತ್ತದೆ, ಹಾಗಾಗಿ ಹಾಳೆಯ ತುಂಬಾ ಹರಡಿಕೊಳ್ಳುತ್ತದೆ. ವೇಗದ ಸಿಗ್ನಲ್‌ನ ಕಥೆ ಬೇರೆ. ಅದು ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಎದುರಾಗುವ ತಡೆ) ಕಮ್ಮಿ ಇರುವ ದಾರಿ ಹುಡುಕುತ್ತದೆ. ಹಾಳೆ ಇಡಿಯಾಗಿದ್ದರೆ ಆ ದಾರಿ ತನ್ನ ಟ್ರೇಸ್‌ನ ನೇರ ಕೆಳಗೆ ಇರುತ್ತದೆ. ಟ್ರೇಸ್ ತಿರುಗಿದರೆ ಕೆಳಗಿನ ಕರೆಂಟೂ ತಿರುಗುತ್ತದೆ. ಲೆಕ್ಕ ಹಾಕಿದರೆ, ಟ್ರೇಸ್‌ಗೂ ಪ್ಲೇನ್‌ಗೂ ಇರುವ ಅಂತರದ ಮೂರು ಪಟ್ಟು ಆಚೆ, ಮೂರು ಪಟ್ಟು ಈಚೆ, ಅಷ್ಟರೊಳಗೆ ಸುಮಾರು 80 ಶೇಕಡಾ ಕರೆಂಟ್ ಹೋಗುತ್ತದೆ. ನಮ್ಮ ಬೋರ್ಡ್‌ನಲ್ಲಿ ಅದು ಬರೀ 0.6 ಮಿ.ಮೀ. ಅಂದರೆ ಮೈಕ್ರೊಕಂಟ್ರೋಲರ್‌ನ ಗಲಾಟೆ ಎರಡು ಇಂಚು ದೂರದ ಸೆನ್ಸರ್ ಕಡೆ ಅಲೆದುಕೊಂಡು ಬರುವ ಪ್ರಮೇಯವೇ ಇಲ್ಲ. ಅದರ ಟ್ರೇಸ್‌ಗಳನ್ನು ಆ ಕಡೆ ಎಳೆಯದೆ ಇದ್ದರೆ ಸಾಕು.

ಈಗ ಆ ಹಾಳೆಯನ್ನು ಮಧ್ಯೆ ಸೀಳಿದರೆ ಏನಾಗುತ್ತದೆ? ತೋಟದ ನಡುವೆ ಆನೆ ಕಂದಕ ತೋಡಿ, ಒಂದೇ ಒಂದು ಕಡೆ ಹಲಗೆ ಹಾಕಿದ ಹಾಗೆ. ಎಡಿಸಿಯಿಂದ ಮೈಕ್ರೊಕಂಟ್ರೋಲರ್‌ಗೆ ಹೋಗುವ ಟ್ರೇಸ್ ಮೇಲಿನ ಲೇಯರ್‌ನಲ್ಲಿ ಕಂದಕವನ್ನು ಸಲೀಸಾಗಿ ದಾಟಿಬಿಡುತ್ತದೆ. ಕೆಳಗೆ ವಾಪಸ್ ಬರಬೇಕಾದ ಕರೆಂಟ್ ಮಾತ್ರ ಹಲಗೆ ಇರುವ ತನಕ ಸುತ್ತಿ ಬರಬೇಕು. ಆ ಸುತ್ತು ದೊಡ್ಡದಾದಷ್ಟೂ ಅದು ಆಂಟೆನಾದ ಹಾಗೆ ಕೆಲಸ ಮಾಡುತ್ತದೆ, ನಾಯ್ಸ್ ಕಕ್ಕುತ್ತದೆ, ಹೊರಗಿನ ನಾಯ್ಸ್ ಹಿಡಿಯುತ್ತದೆ. ಅದೇ ಬೋರ್ಡ್ ಮೇಲಿನ ಲೋರಾ ರೇಡಿಯೊ 865–867 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಸಿಲ್ವರ್ ಓಕ್ ಮರಗಳು, ಒಂದೆರಡು ಗುಡ್ಡ ಎಲ್ಲ ದಾಟಿ ಬರುವ ಸಿಗ್ನಲ್ ಮೊದಲೇ ಸೊರಗಿರುತ್ತದೆ. ಅದರ ಪಕ್ಕದಲ್ಲೇ ನಾವೇ ಒಂದು ಆಂಟೆನಾ ಕಟ್ಟಿ ಗದ್ದಲ ಎಬ್ಬಿಸುವುದು ಯಾಕೆ? ನಾಯ್ಸ್ ಕಮ್ಮಿ ಮಾಡಲು ಸೀಳಿದ್ದು, ಜಾಸ್ತಿ ಮಾಡಿಕೊಂಡ ಹಾಗಾಯಿತು.

"ಮತ್ತೆ ಚಿಪ್ ಮೇಲೆ ಎಜಿಎನ್‌ಡಿ, ಡಿಜಿಎನ್‌ಡಿ ಅಂತ ಎರಡು ಪಿನ್ ಇದೆಯಲ್ಲ?" ಇದೆ, ಅನಲಾಗ್ ಗ್ರೌಂಡ್ ಮತ್ತು ಡಿಜಿಟಲ್ ಗ್ರೌಂಡ್ ಅಂತ. ಆ ಹೆಸರು ಚಿಪ್ಪಿನ ಒಳಗೆ ಆ ಪಿನ್ ಎಲ್ಲಿಗೆ ಸೇರಿದೆ ಅಂತ ಹೇಳುತ್ತದೆ, ಅಷ್ಟೆ. ಹೊರಗೆ ಎರಡನ್ನೂ ಒಂದೇ ಪ್ಲೇನ್‌ಗೆ, ಆದಷ್ಟು ಹತ್ತಿರದಲ್ಲೇ ಇಳಿಸಿ ಅಂತ ಎಷ್ಟೋ ಡೇಟಾಶೀಟ್‌ಗಳೇ ಬರೆಯುತ್ತವೆ. ಎರಡರ ನಡುವೆ ಫೆರೈಟ್ ಬೀಡ್ (ವೇಗದ ನಾಯ್ಸ್ ತಡೆಯುವ ಬಿಡಿಭಾಗ) ಹಾಕುವವರಿದ್ದಾರೆ, ಅದಂತೂ ಬೇಡವೇ ಬೇಡ. ಅಮೆರಿಕದ ಎಂಜಿನಿಯರ್ ಹೆನ್ರಿ ಆಟ್ 2001ರಲ್ಲೇ ಒಂದೇ ಪ್ಲೇನ್ ಇಟ್ಟು ಜಾಗ ಹಂಚಿ ಅಂತ ಬರೆದಿದ್ದರು. ಆದರೂ ಸೀಳುವ ಚಾಳಿ ಹೋಗಿಲ್ಲ.

ಹಾಗಂತ ಸೀಳುವವರ ಭಯ ಪೂರ್ತಿ ಸುಳ್ಳಲ್ಲ. ಡಿಸಿ ಹರಡುತ್ತದೆ ಅಂದೆನಲ್ಲ, ತೊಂದರೆ ಅಲ್ಲಿದೆ. 5 ವೋಲ್ಟ್ ರಿಲೇಯ ಕಾಯಿಲ್ 70 ಓಮ್ ಇದ್ದರೆ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. 35 ಮೈಕ್ರಾನ್ ತಾಮ್ರದ ಒಂದು ಚೌಕ, ಎಷ್ಟೇ ದೊಡ್ಡದಿರಲಿ, ಅರ್ಧ ಮಿಲಿಓಮ್. ರಿಲೇ ಒಂದು ತುದಿಯಲ್ಲಿ, ಪವರ್ ಕನೆಕ್ಟರ್ ಇನ್ನೊಂದು ತುದಿಯಲ್ಲಿದ್ದು ನಡುವೆ ಮೂರು ಚೌಕದಷ್ಟು ತಾಮ್ರ ಇದ್ದರೆ ಒಂದೂವರೆ ಮಿಲಿಓಮ್. ರಿಲೇ ಟಕ್ ಅಂದಾಗ ಆ ಎರಡು ತುದಿಗಳ ನಡುವೆ ಸುಮಾರು 100 ಮೈಕ್ರೊವೋಲ್ಟ್ ವ್ಯತ್ಯಾಸ ಬರುತ್ತದೆ. ±2.048 ವೋಲ್ಟ್ ರೇಂಜಿನ 16 ಬಿಟ್ ಎಡಿಸಿ ಎಡಿಎಸ್1115ಕ್ಕೆ ಒಂದು ಮೆಟ್ಟಿಲು 62.5 ಮೈಕ್ರೊವೋಲ್ಟ್. ಅಂದರೆ ಪಂಪ್ ಆನ್ ಆದಾಗ ರೀಡಿಂಗ್ ಒಂದೆರಡು ಮೆಟ್ಟಿಲು ಜಿಗಿಯಬಹುದು. ಮಣ್ಣಿನ ತೇವಕ್ಕೆ ಇದು ಲೆಕ್ಕಕ್ಕೇ ಇಲ್ಲ, ಸೆನ್ಸರನ್ನು ಮಣ್ಣಿಗೆ ಎರಡು ಬೆರಳು ಆಚೆ ಚುಚ್ಚಿದರೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಅದೇ ಬೋರ್ಡನ್ನು ಕಾಫಿ ಹುರಿಯುವ ಯಂತ್ರಕ್ಕೆ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಬಿಸಿ ಅಳೆಯುವ ಕೆ ಟೈಪ್ ಥರ್ಮೊಕಪಲ್ ಒಂದು ಡಿಗ್ರಿಗೆ ಕೊಡುವುದೇ 41 ಮೈಕ್ರೊವೋಲ್ಟ್. ಅದರ ಒಂದು ವಯರ್ ಗ್ರೌಂಡ್‌ಗೆ ಈ ತುದಿಯಲ್ಲಿ ಸೇರಿ, ಆಂಪ್ಲಿಫೈಯರ್‌ನ ಗ್ರೌಂಡ್ ಆ ತುದಿಯಲ್ಲಿ ಸೇರಿದ್ದರೆ ಎರಡೂವರೆ ಡಿಗ್ರಿ ತಪ್ಪು ತೋರಿಸುತ್ತದೆ. ಹುರಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಮದ್ದು ಸುಲಭ. ಪವರ್ ಕನೆಕ್ಟರನ್ನು ರಿಲೇ ಪಕ್ಕಕ್ಕೆ ತನ್ನಿ. ಆಗ ಆ 70 ಮಿಲಿಆಂಪ್ ಮೂಲೆಯಲ್ಲೇ ಸುತ್ತಿ ಮನೆ ಸೇರುತ್ತದೆ. ಥರ್ಮೊಕಪಲ್ಲಿನ ವಯರ್ ಮತ್ತು ಅದರ ಆಂಪ್ಲಿಫೈಯರ್ ಎರಡನ್ನೂ ಗ್ರೌಂಡ್‌ಗೆ ಒಂದೇ ಜಾಗದಲ್ಲಿ ಇಳಿಸಿ. ಸೀಳುವ ಅಗತ್ಯವೇ ಬರುವುದಿಲ್ಲ. ಜಾಗ ಹಂಚುವುದು ಕಷ್ಟ ಅನ್ನಿಸಿದರೆ ಒಂದು ಉಪಾಯ ಇದೆ. ಪ್ಲೇನ್ ಸೀಳಿದ್ದೇನೆ ಅಂತಲೇ ಅಂದುಕೊಂಡು, ಹಲಗೆ ಇರುವ ಕಡೆ ಬಿಟ್ಟರೆ ಬೇರೆಲ್ಲೂ ಒಂದು ಟ್ರೇಸೂ ಸೀಳು ದಾಟದ ಹಾಗೆ ಎಲ್ಲ ಎಳೆಯಿರಿ. ಕೊನೆಗೆ ಆ ಸೀಳನ್ನು ತಾಮ್ರದಿಂದ ತುಂಬಿಬಿಡಿ.

ನಿಜವಾಗಿ ಬೇರೆ ಮಾಡಲೇಬೇಕಾದ ಜಾಗ ರಿಲೇಯ ಆಚೆ ಬದಿ. ಅಲ್ಲಿ 230 ವೋಲ್ಟ್ ಇರುತ್ತದೆ, ಪಂಪ್ ತ್ರೀ ಫೇಸ್ ಆದರೆ 415. ಆ ಕಾಂಟ್ಯಾಕ್ಟ್‌ಗಳ ಕೆಳಗೆ ಗ್ರೌಂಡ್ ತಾಮ್ರ ಇರಲೇಬಾರದು, ಹಲವು ಮಿ.ಮೀ. ಖಾಲಿ ಬಿಡಬೇಕು. ಅಲ್ಲಿಂದ ಸಿಗ್ನಲ್ ವಾಪಸ್ ಬೇಕಿದ್ದರೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೊಕಪ್ಲರ್ ಮೂಲಕ ತರಬೇಕು. ಏಪ್ರಿಲ್-ಮೇ ಗುಡುಗು ಸಿಡಿಲಿನ ಕಾಲದಲ್ಲಿ ತೋಟದುದ್ದ ಎಳೆದ ಸೆನ್ಸರ್ ಕೇಬಲ್ಲೂ ಇದೇ ಜಾತಿಗೆ ಸೇರುತ್ತದೆ. ಅದಕ್ಕೆ ಐಸೊಲೇಶನ್ನೂ ಬೇಕು, ಸರ್ಜ್ ಪ್ರೊಟೆಕ್ಟರೂ ಬೇಕು. ಇಲ್ಲಿ ಎರಡು ಗ್ರೌಂಡ್‌ಗಳ ನಡುವೆ ಹಲಗೆಯೇ ಇರಬಾರದು.

ಇನ್ನೊಂದು, ಯಾರೂ ಬೇಕಂತ ಮಾಡದ ಸೀಳು. ಹೆಡರ್ ಪಿನ್‌ಗಳ ಸಾಲು ಇಟ್ಟಾಗ ಒಂದೊಂದು ಪಿನ್ ಸುತ್ತ ತಾಮ್ರ ಬಿಟ್ಟ ಜಾಗಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಂಡಿ ಆಗಿಬಿಡುತ್ತದೆ. ಎರಡು ಲೇಯರ್ ಬೋರ್ಡ್‌ನಲ್ಲಿ ಕೆಳಗಿನ ಲೇಯರ್‌ನಲ್ಲಿ ಸುಮ್ನೆ ಎಳೆದ ಒಂದು ಟ್ರೇಸ್ ಪ್ಲೇನನ್ನು ಉದ್ದಕ್ಕೂ ಕೊಯ್ದು ಹಾಕಿರುತ್ತದೆ. ಸ್ಕೀಮ್ಯಾಟಿಕ್‌ನಲ್ಲಿ ಇದು ಕಾಣುವುದಿಲ್ಲ, ಡಿಸೈನ್ ಸಾಫ್ಟ್‌ವೇರೂ ತಪ್ಪು ಅಂತ ಹೇಳುವುದಿಲ್ಲ. ಬೋರ್ಡ್ ಫ್ಯಾಕ್ಟರಿಗೆ ಕಳಿಸುವ ಮುಂಚೆ ಗರ್ಬರ್ ವ್ಯೂವರ್‌ನಲ್ಲಿ (ಫ್ಯಾಕ್ಟರಿಗೆ ಹೋಗುವ ಲೇಯರ್ ಫೈಲ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ಬೇರೆಲ್ಲ ಲೇಯರ್ ಆಫ್ ಮಾಡಿ, ಗ್ರೌಂಡ್ ಒಂದನ್ನೇ ದೊಡ್ಡದು ಮಾಡಿ ನೋಡಿ. ಕಂಡಿ ಕಂಡರೆ ಒಂದೊಂದು ಪಿನ್ ನಡುವೆಯೂ ತಾಮ್ರ ಹಾಯುವಷ್ಟು ಜಾಗ ಬಿಡಿಸಿ. ಟ್ರೇಸನ್ನು ಮೇಲಿನ ಲೇಯರ್‌ಗೆ ಎತ್ತಿ, ತೀರಾ ದಾರಿಯಿಲ್ಲದ ಕಡೆ ಮಾತ್ರ ಎರಡು ವಯಾ (ಲೇಯರ್‌ಗಳನ್ನು ಜೋಡಿಸುವ ತಾಮ್ರ ಲೇಪಿತ ರಂಧ್ರ) ಹಾಕಿ ಚಿಕ್ಕದಾಗಿ ಕೆಳಗೆ ದಾಟಿಸಿ.