ತಾಉಲ್‌ನ ಸಾಂತ್ ಕ್ಲಿಮೆಂಟ್: ಚಿತ್ರ ಕಿತ್ತ ಮೇಲೆ ಉಳಿದ ಗೋಡೆ

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿದ ನಮಗೆ ಕಾಲನಿರ್ಣಯವೆಂದರೆ ಬಹುಮಟ್ಟಿಗೆ ‘ಸುಮಾರು’ ಎಂಬ ಪದದ ಆಸರೆಯೇ. ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಪಿರನೀಸ್ ಪರ್ವತಗಳ ಬೊಯಿ ಕಣಿವೆಯಲ್ಲಿರುವ ತಾಉಲ್ ಹಳ್ಳಿಯ ಸಾಂತ್ ಕ್ಲಿಮೆಂಟ್ ಚರ್ಚಿಗೆ ಆ ಆಸರೆ ಬೇಕಿಲ್ಲ. ಅದರ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದಿದ್ದ ಲ್ಯಾಟಿನ್ ಬರಹವು 1123ರ ಡಿಸೆಂಬರ್ 10ರಂದು ಬಿಷಪ್ ರಾಮೊನ್ ಬಂದು ಚರ್ಚನ್ನು ಪ್ರತಿಷ್ಠಾಪಿಸಿದರೆಂದು ಹೇಳುತ್ತದೆ. ಅದೇ ಊರಿನ ಸಾಂತಾ ಮರಿಯಾ ಚರ್ಚಿನ ಪ್ರತಿಷ್ಠೆ ನಡೆದದ್ದು ಮರುದಿನ. ಚಳಿಗಾಲದಲ್ಲಿ ಆ ಬೆಟ್ಟ ಹತ್ತಿದವರು ಎರಡೂ ಕಾರ್ಯಗಳನ್ನು ಒಂದೇ ಪಯಣದಲ್ಲಿ ಮುಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಟ್ಟಡದ ವಿನ್ಯಾಸ ಸರಳವಾದದ್ದು. ದುಂಡು ಕಂಬಗಳ ಎರಡು ಸಾಲುಗಳು ಒಳಾಂಗಣವನ್ನು ಉದ್ದಕ್ಕೆ ಮೂರು ಭಾಗ ಮಾಡುತ್ತವೆ. ಪ್ರತಿ ಭಾಗದ ಪೂರ್ವ ತುದಿಯಲ್ಲೂ ಏಪ್ಸ್ ಎಂದು ಕರೆಯುವ ಅರ್ಧವೃತ್ತದ ಗೂಡಿದೆ. ಕಂಬಗಳಿಗೆ ಕೆತ್ತಿದ ಬೋದಿಗೆಗಳಿಲ್ಲ. ಏಪ್ಸ್‌ಗಳ ಮೇಲೆ ಮಾತ್ರ ಕಲ್ಲಿನ ಅರೆಗುಮ್ಮಟವಿದ್ದು, ಉಳಿದ ಭಾಗಕ್ಕೆಲ್ಲ ಮರದ ಇಳಿಜಾರು ಮಾಡಿನ ಮೇಲೆ ಸ್ಲೇಟು ಕಲ್ಲಿನ ಹೊದಿಕೆಯಿದೆ. ಇದನ್ನು ಬಡತನದ ಗುರುತೆಂದು ನಾನು ಓದುವುದಿಲ್ಲ: ಕಲ್ಲಿನ ಕಮಾನುಮಾಡು ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುವುದರಿಂದ ಗೋಡೆಯೂ ಕಂಬವೂ ದಪ್ಪವಾಗಬೇಕಾಗುತ್ತದೆ, ಮರದ ಮಾಡು ಆ ಒತ್ತಡವನ್ನು ಬಹಳಷ್ಟು ತಗ್ಗಿಸುತ್ತದೆ. ಪಕ್ಕದಲ್ಲಿ ಆರು ಹಂತಗಳ ಚೌಕಾಕಾರದ ಗಂಟೆಗೋಪುರವಿದೆ. ಪ್ರತಿ ಹಂತದ ಅಂಚಿನಲ್ಲಿ ಓಡುವ ಕುರುಡು ಕಮಾನುಗಳ (ತೆರಪಿಲ್ಲದೆ ಗೋಡೆಗೇ ಅಂಟಿದ ಕಮಾನುಗಳ) ಪಟ್ಟಿಯೂ ಗರಗಸದ ಹಲ್ಲಿನಂತಹ ಕಲ್ಲುಸಾಲೂ ಉತ್ತರ ಇಟಲಿಯ ಲೊಂಬಾರ್ಡಿಯ ಕಟ್ಟಡ ಪರಂಪರೆಯಿಂದ ಬಂದವು.

ಈಗ ಒಳಹೊಕ್ಕವರು ಬರಿಗಲ್ಲಿನ ಗೋಡೆ ನೋಡಿ ಮಧ್ಯಯುಗದ ಸರಳತೆಯನ್ನು ಮೆಚ್ಚಿಕೊಳ್ಳುತ್ತಾರೆ. ಆ ಮೆಚ್ಚುಗೆ ತಪ್ಪು ತಿಳಿವಳಿಕೆಯದು. ಈ ಗೋಡೆಗೆ ಸುಣ್ಣದ ಗಾರೆಯ ಗಿಲಾವು ಇತ್ತು, ಅದರ ಮೇಲೆ ಗಾಢ ಬಣ್ಣದ ಚಿತ್ರಗಳಿದ್ದವು. ನಡುವಿನ ಏಪ್ಸ್‌ನಲ್ಲಿ ಬಾದಾಮಿ ಆಕಾರದ ಪ್ರಭಾವಳಿಯೊಳಗೆ ಕುಳಿತ ಕ್ರಿಸ್ತನ ಕೈಯಲ್ಲಿ ‘ನಾನೇ ಲೋಕದ ಬೆಳಕು’ ಎಂದು ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕ ತೆರೆದಿದೆ. ಅಲ್ಲಿಯ ನೀಲಿಗೆ ಬಳಸಿದ್ದು ಪಿರನೀಸ್‌ನಲ್ಲೇ ಸಿಗುವ ಏರಿನೈಟ್ ಎಂಬ ಖನಿಜ.

ಕ್ಯಾಟಲೋನಿಯಾದಲ್ಲೇ ಇರುವ ಮುರ್ ಎಂಬಲ್ಲಿಯ ಚರ್ಚೊಂದರ ಚಿತ್ರಗಳು ಸಂಗ್ರಾಹಕರ ಮೂಲಕ ಅಮೆರಿಕದ ಬಾಸ್ಟನ್ ಮ್ಯೂಸಿಯಂ ಸೇರುವ ಹೊತ್ತಿಗೆ, ಉಳಿದವನ್ನಾದರೂ ಕಾಪಾಡಬೇಕೆಂದು ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿ 1919ರಿಂದ 1923ರ ನಡುವೆ ಈ ಕಣಿವೆಯ ಚಿತ್ರಗಳನ್ನು ಗೋಡೆಯಿಂದ ಬಿಡಿಸಿ ತರಿಸಿತು. ಇಟಲಿಯ ಕುಶಲಕರ್ಮಿಗಳು ಬಳಸಿದ ವಿಧಾನದ ಹೆಸರು ಸ್ತ್ರಾಪೊ. ಚಿತ್ರದ ಮೇಲೆ ಬಟ್ಟೆ ಹರಡಿ, ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಬಿಸಿ ಅಂಟನ್ನು ಬಳಿಯುತ್ತಾರೆ. ಒಣಗುವಾಗ ಅಂಟು ಬಿಗಿದುಕೊಂಡು ಬಣ್ಣದ ಪದರವನ್ನು ಗಾರೆಯಿಂದ ಎಳೆಯುತ್ತದೆ. ಆಗ ಒಂದು ಅಂಚಿನಿಂದ ಬಟ್ಟೆಯನ್ನು ಸುಲಿಯುತ್ತಾರೆ. ಬಳಿಕ ಹಿಂಬದಿಗೆ ಬೇರೆ ಬಟ್ಟೆ ಅಂಟಿಸಿ, ಮುಂದಿನ ಅಂಟನ್ನು ಬಿಸಿನೀರಿನಿಂದ ಕರಗಿಸಿದರೆ ಚಿತ್ರ ಮತ್ತೆ ಕಾಣುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಬಣ್ಣ ಪೂರ್ತಿಯಾಗಿ ಎದ್ದು ಬರುವುದಿಲ್ಲ.

ಬಹುಕಾಲ ಏಪ್ಸ್‌ನಲ್ಲಿದ್ದ ಪ್ರತಿಕೃತಿಯನ್ನು ತೆಗೆದು, ಅಲ್ಲೇ ಉಳಿದಿದ್ದ ಮೂಲ ಬಣ್ಣದ ತುಣುಕುಗಳ ಮೇಲೆ 2013ರಿಂದ ಬೆಳಕಿನಲ್ಲಿ ಪೂರ್ಣ ಚಿತ್ರವನ್ನು ಮೂಡಿಸುತ್ತಾರೆ. ಪ್ರದರ್ಶನ ಮುಗಿದು ದೀಪ ಆರಿದಾಗ ಮೂಲ ಯಾವುದು, ನಷ್ಟವಾದದ್ದೆಷ್ಟು ಎಂಬುದು ಕಣ್ಣೆದುರೇ ಇರುವುದರಿಂದ, ಪ್ರತಿಕೃತಿಗಿಂತ ಇದು ಪ್ರಾಮಾಣಿಕ ಪರಿಹಾರವೆಂದು ನನಗನಿಸುತ್ತದೆ.

ಚಿತ್ರವನ್ನು ಕಿತ್ತು ತಂದವರಿಗೂ ಗೋಡೆಯನ್ನು ಬಿಟ್ಟುಬಿಡಲಾಗಲಿಲ್ಲ. ಬಾಗಿದ ಮೈಗೆಂದೇ ಬರೆದ ಕ್ರಿಸ್ತ ಚಪ್ಪಟೆ ಹಲಗೆಯ ಮೇಲೆ ಕೂರುವುದಿಲ್ಲವಾದ್ದರಿಂದ, ಬಾರ್ಸಿಲೋನಾದ ಮ್ಯೂಸಿಯಮ್ಮಿನಲ್ಲಿ ಏಪ್ಸ್‌ನ ಆಕಾರವನ್ನೇ ಮರದಲ್ಲಿ ಕಟ್ಟಬೇಕಾಯಿತು. ಅಲ್ಲಿಗೆ ಹೋದವರು ಒಮ್ಮೆ ಹಿಂಬದಿಗೆ ನಡೆದು ಆ ಮರದ ಪಕ್ಕೆಲುಬುಗಳನ್ನೂ ನೋಡಬೇಕು.